ಗಡಿ ದಾಟಿದ ಕೊಂಬೆ

ಹಿತ್ತಿಲಲ್ಲಿ ನುಗ್ಗೆಯ ಮರ ಬೆಳೆಸಿದವರಿಗೆ ನೆರೆಯವರ ಗುಣಸ್ವಭಾವಗಳು ಬೇಗ ತಿಳಿಯುತ್ತವೆ. ಮರ ಕಾಯಿ ಬಿಟ್ಟ ದಿನಗಳಲ್ಲಿ ಗೋಡೆಯಾಚೆಯ ಮನೆಯವರು ಹುಳಿಗೆಂದು ನಾಲ್ಕು ಕಾಯಿ ಕಿತ್ತುಕೊಂಡರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಮರಕ್ಕೆ ಕಂಬಳಿಹುಳು ಹತ್ತಿ, ಅವು ಸಾಲುಸಾಲಾಗಿ ಗೋಡೆಯಿಳಿದು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಹರಿದಾಡತೊಡಗಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಕಾಯಿ ಕೀಳುವಾಗ ಇಬ್ಬರದೂ ಆಗಿದ್ದ ಮರ ಹುಳು ಬಿದ್ದ ಕೂಡಲೆ ಒಬ್ಬರದೇ ಆಗಿಬಿಡುತ್ತದೆ. ಮಾವಾದರೆ ಕಲ್ಲೆಸೆಯುವ ಹುಡುಗರ ಜಗಳ, ಹುಣಸೆಯಾದರೆ ನೆರಳಿನ ಜಗಳ, ಅರಳಿಯಾದರೆ ಗೋಡೆ ಸೀಳುವ ಬೇರಿನ ಜಗಳ, ತೆಂಗಾದರೆ ತಲೆಯ ಮೇಲೆ ಬೀಳುವ ಕಾಯಿಯ ಜಗಳ.

ಇವು ಕ್ಷುಲ್ಲಕ ಸಂಗತಿಗಳೆಂದು ತೋರಬಹುದು. ಆದರೆ ಕೊಲೆ, ಕಳವು, ಸಾಲಗಳ ಪಕ್ಕದಲ್ಲೇ ಗಡಿ ದಾಟಿದ ಕೊಂಬೆಯೂ ಜಗತ್ತಿನ ಅತಿ ಪ್ರಾಚೀನ ಶಾಸನಗಳಲ್ಲಿ ಸ್ಥಾನ ಪಡೆದಿದೆ. ಎಲ್ಲ ಕಾಲಗಳಲ್ಲಿಯೂ ಎದ್ದ ಪ್ರಶ್ನೆಗಳು ಮೂರೇ. ಗೋಡೆಯಾಚೆ ಚಾಚಿದ ಕೊಂಬೆಯನ್ನು ಕಡಿಯುವ ಹಕ್ಕು ಯಾರದು? ಆಚೆ ಬಿದ್ದ ಹಣ್ಣು ಯಾರದು? ಸರಿಯಾಗಿ ಗಡಿಯ ಮೇಲೆಯೇ ನಿಂತ ಮರ ಯಾರದು? ಇವುಗಳಿಗೆ ಬೇರೆ ಬೇರೆ ಜನ ಕೊಟ್ಟ ಉತ್ತರಗಳಲ್ಲಿ ಅವರವರು ನೆಲವನ್ನೂ ಮರವನ್ನೂ ನೆರೆಯವನನ್ನೂ ಹೇಗೆ ಕಂಡರೆಂಬುದು ಗೋಚರವಾಗುತ್ತದೆ.

ಕ್ರಿ. ಪೂ. 594ರಲ್ಲಿ ಅಥೆನ್ಸ್ ನಗರದ ಆಡಳಿತ ವಹಿಸಿದ ಸೋಲನ್ ಎಂಬ ಶಾಸನಕಾರ ಜಗಳ ಹುಟ್ಟುವ ಮೊದಲೇ ಅದನ್ನು ತಪ್ಪಿಸಲು ನೋಡಿದ. ನೆರೆಯವನ ಹೊಲದಿಂದ ಐದಡಿಯೊಳಗೆ ಯಾರೂ ಮರ ನೆಡಕೂಡದು. ಅಂಜೂರ, ಆಲಿವ್ ಮರಗಳಾದರೆ ಒಂಬತ್ತಡಿ ಬಿಡಬೇಕು ಎಂದು ಅವನ ಕಟ್ಟಳೆ. ಈ ಎರಡು ಮರಗಳ ಬೇರು ದೂರ ಹರಡಿ ಪಕ್ಕದ ಗಿಡಗಳ ಆಹಾರವನ್ನು ಕಸಿಯುತ್ತದೆಂಬುದೇ ಕಾರಣವೆಂದು ಅವನ ಚರಿತ್ರೆಯನ್ನು ಬರೆದ ಪ್ಲೂಟಾರ್ಕ್ ತಿಳಿಸುತ್ತಾನೆ. ಇದು ಅನುಭವಸ್ಥ ತೋಟಗಾರನ ಮಾತಿನಂತಿದೆ.

ರೋಮನರು ಇನ್ನೂ ಮುಂದೆ ಹೋದರು. ಕ್ರಿ. ಪೂ. 450ರ ಸುಮಾರಿನಲ್ಲಿ ಹನ್ನೆರಡು ಫಲಕಗಳ ಮೇಲೆ ಬರೆಯಿಸಿ ನಿಲ್ಲಿಸಿದ ಅವರ ಮೊದಲ ಶಾಸನಸಂಹಿತೆಯಲ್ಲೇ ಈ ವಿಷಯ ಬರುತ್ತದೆ. ಪಕ್ಕದ ಹೊಲದ ಮೇಲೆ ಚಾಚಿದ ಮರವನ್ನು ನೆಲದಿಂದ ಹದಿನೈದಡಿಯ ಎತ್ತರದವರೆಗೆ ಸವರಬೇಕು. ಅದರಿಂದ ಪೈರಿಗೆ ಬಿಸಿಲು ಸಿಗುತ್ತದೆ, ಮರವೂ ಉಳಿಯುತ್ತದೆ. ಕೊಂಬೆ ಚಾಚಿದ್ದು ಹೊಲದ ಮೇಲಲ್ಲ, ಮನೆಯ ಮೇಲೆ ಎಂದಾದರೆ ಮರವನ್ನೇ ತೆಗೆಯಬೇಕೆಂದು ಮುಂದೆ ನ್ಯಾಯಾಧಿಕಾರಿಗಳು ವಿಧಿಸಿದರು. ಮರದ ಒಡೆಯ ತಾನಾಗಿ ತೆಗೆಯದೆ ಹೋದರೆ ನೆರೆಯವನೇ ಕಡಿದು ಆ ಸೌದೆಯನ್ನು ತನ್ನ ಮನೆಗೆ ಸಾಗಿಸಬಹುದಾಗಿತ್ತು. ಸೋಮಾರಿ ಒಡೆಯನನ್ನು ಎಬ್ಬಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

ಹಣ್ಣಿನ ವಿಷಯದಲ್ಲಿ ಅವರ ನಿಯಮ ಬೇರೊಂದು ಬಗೆಯದು. ತನ್ನ ಮರದಿಂದ ಪಕ್ಕದ ಹೊಲಕ್ಕೆ ಬಿದ್ದ ಕಾಯನ್ನು ಒಡೆಯ ಅಲ್ಲಿಗೆ ಹೋಗಿ ಆಯ್ದುಕೊಳ್ಳಬಹುದು, ಆದರೆ ದಿನ ಬಿಟ್ಟು ದಿನ ಮಾತ್ರ. ನಡುವಿನ ದಿನ ನೆರೆಯವನಿಗೆ ನೆಮ್ಮದಿ! ಓಕ್ ಮರದ ಕಾಯನ್ನು ಕುರಿತು ಹುಟ್ಟಿದ ಈ ನಿಯಮ ಕಾಲಕ್ರಮದಲ್ಲಿ ಎಲ್ಲ ಹಣ್ಣುಗಳಿಗೂ ಅನ್ವಯವಾಯಿತು.

ಕದ್ದು ಮರ ಕಡಿದವನಿಗೆ ಹನ್ನೆರಡು ಫಲಕಗಳು ಮರವೊಂದಕ್ಕೆ 25 ತಾಮ್ರನಾಣ್ಯಗಳ ದಂಡವನ್ನು ಗೊತ್ತುಮಾಡಿದ್ದವು. ಗಾಯಸ್ ಎಂಬ ನ್ಯಾಯವೇತ್ತ ತನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿನೋದದ ಪ್ರಸಂಗವನ್ನು ಹೇಳುತ್ತಾನೆ. ಒಬ್ಬನ ದ್ರಾಕ್ಷಿಬಳ್ಳಿಗಳನ್ನು ಯಾರೋ ಕಡಿದುಹಾಕಿದರು. ಅವನು ದಾವೆ ಹೂಡಿ, "ನನ್ನ ಬಳ್ಳಿಗಳನ್ನು ಕಡಿದಿದ್ದಾರೆ" ಎಂದು ದೂರಿಕೊಂಡ. ಶಾಸನದಲ್ಲಿ ಇದ್ದುದು "ಮರ" ಎಂಬ ಶಬ್ದ. "ನನ್ನ ಮರಗಳನ್ನು" ಎಂದಿದ್ದರೆ ಅವನು ಗೆಲ್ಲುತ್ತಿದ್ದ. "ಬಳ್ಳಿಗಳನ್ನು" ಎಂದದ್ದರಿಂದ ಸೋತ. ವಕೀಲರ ಶುಲ್ಕ ಏಕೆ ಹೆಚ್ಚೆಂದು ಕೇಳುವವರು ಈ ಕಥೆಯನ್ನು ನೆನಪಿಡಬಹುದು.

ಇನ್ನು ನಮ್ಮ ಕಡೆಗೆ ಬರೋಣ.

ನಮ್ಮ ಸ್ಮೃತಿಕಾರರು ವ್ಯವಹಾರಕಾಂಡದಲ್ಲಿ ಎಣಿಸುವ ಹದಿನೆಂಟು ವಿವಾದಪದಗಳಲ್ಲಿ ಸೀಮಾವಿವಾದವೂ ಒಂದು. ಅಲ್ಲಿ ಮರವು ಪ್ರವೇಶಿಸುವ ರೀತಿ ಗ್ರೀಕರ, ರೋಮನರ ರೀತಿಯಿಂದ ತೀರ ಭಿನ್ನ. ಅವರಿಗೆ ಮರ ಜಗಳದ ಕಾರಣವಾದರೆ ನಮ್ಮವರಿಗೆ ಅದು ಜಗಳದ ಸಾಕ್ಷಿ. ಎರಡು ಊರುಗಳ ಗಡಿಯಲ್ಲಿ ಮರಗಳನ್ನು ನೆಟ್ಟು ಗುರುತು ಮಾಡಬೇಕೆಂದು ಮನುಸ್ಮೃತಿ ಹೇಳಿ, ಯಾವ ಮರಗಳೆಂಬುದನ್ನೂ ಹೆಸರಿಸುತ್ತದೆ: ಆಲ, ಅರಳಿ, ಮುತ್ತುಗ, ಬೂರುಗ, ಸಾಲ, ತಾಳೆ ಮತ್ತು ಹಾಲು ಸುರಿಯುವ ಮರಗಳು. ಇವುಗಳಲ್ಲಿ ಹೆಚ್ಚಿನವು ದೀರ್ಘಾಯುಗಳು, ದೂರದಿಂದಲೇ ಕಣ್ಣಿಗೆ ಬೀಳುವಂಥವು. ಮುತ್ತುಗವೂ ಬೂರುಗವೂ ಹೂ ಬಿಟ್ಟ ಕಾಲದಲ್ಲಿ ಕೆಂಪು ಬಾವುಟ ಕಟ್ಟಿದಂತೆ ಕಾಣುತ್ತವೆ. ಗಡಿಗೆ ಮರವನ್ನು ಆರಿಸಿದವರು ಹೊಲಗಳಲ್ಲಿ ನಡೆದಾಡಿ ಬಲ್ಲವರೇ ಆಗಿರಬೇಕು.

ಮರವೊಂದನ್ನೇ ಅವರು ನಂಬಿ ಕೂಡಲಿಲ್ಲ. ನೆಲದೊಳಗೆ ಗುಪ್ತಚಿಹ್ನೆಗಳನ್ನು ಹೂಳಬೇಕು: ಕಲ್ಲು, ಮೂಳೆ, ಹಸುವಿನ ಬಾಲದ ಕೂದಲು, ಹೊಟ್ಟು, ಬೂದಿ, ಮಡಕೆಯ ಚೂರು, ಒಣಸಗಣಿ, ಇಟ್ಟಿಗೆ, ಇದ್ದಿಲು, ಮರಳು. ಇವುಗಳಲ್ಲಿ ಹೆಚ್ಚಿನವು ಬೇಗ ಮಣ್ಣಾಗಿ ಹೋಗದ ಪದಾರ್ಥಗಳು. ಬೃಹಸ್ಪತಿ ಇನ್ನೊಂದು ಮಾತನ್ನು ಸೇರಿಸುತ್ತಾನೆ. ಹಿರಿಯರು ಈ ಚಿಹ್ನೆಗಳನ್ನು ಹುಡುಗರಿಗೆ ತೋರಿಸಿಡಬೇಕು. ಆ ಹುಡುಗರು ಮುದುಕರಾದಾಗ ತಮ್ಮ ಮಕ್ಕಳಿಗೆ ತೋರಿಸಬೇಕು. ಕಾಗದಪತ್ರಗಳಿಲ್ಲದ ಊರಿನಲ್ಲಿ ಇದೇ ದಾಖಲೆಯ ಕಚೇರಿ.

ವಿವಾದ ಹುಟ್ಟಿದಾಗ ಗಡಿಯನ್ನು ನಿರ್ಣಯಿಸುವ ಕಾಲವನ್ನೂ ಮನು ಹೇಳಿದ್ದಾನೆ: ಜ್ಯೇಷ್ಠಮಾಸ. ಪೈರು ಕಟಾವಾಗಿ, ಹುಲ್ಲು ಒಣಗಿ, ಬದು ಬಯಲುಗಳೆಲ್ಲ ಬಿಚ್ಚಿ ಕಾಣುವ ಕಾಲವದು. ಸಾಕ್ಷಿಗಳು ಕೆಂಪು ಬಟ್ಟೆಯುಟ್ಟು, ಹಾರ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು, ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಗಡಿಯುದ್ದಕ್ಕೂ ನಡೆದು ತೋರಿಸಬೇಕು. ಯಾಜ್ಞವಲ್ಕ್ಯನೂ ಈ ವೇಷವನ್ನು ಹೇಳುತ್ತಾನೆ. ಊರೆಲ್ಲ ನೋಡುತ್ತಿರುವಾಗ ತಲೆಯ ಮೇಲೆ ನೆಲವನ್ನೇ ಹೊತ್ತು ನಡೆಯುವವನಿಗೆ ಒಂದು ಅಡಿ ಆಚೀಚೆ ಹಾಕಲು ಎದೆಗಾರಿಕೆ ಬೇಕು.

ಮರವೇ ಸಾಕ್ಷಿಯಾದ ಮೇಲೆ ಅದನ್ನು ಕಡಿಯುವುದು ಸಾಕ್ಷ್ಯವನ್ನು ನಾಶಮಾಡಿದಂತೆ. ನಮ್ಮ ಹಳೆಯ ದಂಡಶಾಸನದ ಲೆಕ್ಕ ಈ ದೃಷ್ಟಿಯಿಂದ ನೋಡಿದಾಗ ಮಾತ್ರ ಅರ್ಥವಾಗುತ್ತದೆ. ಕೊಂಬೆ ಕಡಿದರೆ ಮತ್ತೆ ಚಿಗುರುವ ಆಲದಂಥ ಮರಗಳು ಮತ್ತು ಮಾವಿನಂತೆ ಜನರ ಜೀವನಕ್ಕೆ ಆಧಾರವಾದ ಮರಗಳ ವಿಷಯದಲ್ಲಿ ಯಾಜ್ಞವಲ್ಕ್ಯಸ್ಮೃತಿ ಕೊಂಬೆ ಕಡಿದವನಿಗೆ 20 ಪಣ, ಕಾಂಡ ಕಡಿದವನಿಗೆ 40 ಪಣ, ಬುಡಸಹಿತ ಕೆಡವಿದವನಿಗೆ 80 ಪಣ ದಂಡವನ್ನು ವಿಧಿಸುತ್ತದೆ. ಮರ ದೇವಾಲಯದಲ್ಲಿ, ಸ್ಮಶಾನದಲ್ಲಿ, ಪುಣ್ಯಸ್ಥಳದಲ್ಲಿ ಅಥವಾ ಗಡಿಯಲ್ಲಿ ಇದ್ದರೆ ದಂಡ ಇಮ್ಮಡಿ. ದೇವರ ಮರಕ್ಕೂ ಗಡಿಯ ಮರಕ್ಕೂ ಒಂದೇ ಬೆಲೆ!

ಈ ಯಾಜ್ಞವಲ್ಕ್ಯಸ್ಮೃತಿಗೆ ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಅವನು ಇದ್ದ. ಮಿತಾಕ್ಷರಾ ಎಂದೊಡನೆ ಎಲ್ಲರಿಗೂ ಪಿತ್ರಾರ್ಜಿತ ಆಸ್ತಿಯ ಹಂಚಿಕೆ ನೆನಪಾಗುವುದು ಸಹಜ. ಆದರೆ ಅದೇ ಗ್ರಂಥದಲ್ಲಿ ಗಡಿ, ಬದು, ಮರಗಳ ವಿಚಾರವೂ ವಿಸ್ತಾರವಾಗಿದೆ.

ಕೌಟಿಲ್ಯನ ಲೆಕ್ಕ ಇನ್ನೂ ಸೂಕ್ಷ್ಮ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ತಾಳೆಗರಿಯ ಪ್ರತಿಯಿಂದ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ನಗರದ ಉಪವನಗಳ ಮರಗಳಿಗೆ ಒಂದು ದರಪಟ್ಟಿಯೇ ಇದೆ. ಹೂ, ಹಣ್ಣು, ನೆರಳು ಕೊಡುವ ಮರದ ಚಿಗುರು ಮುರಿದರೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24. ಕಾಂಡ ಕಡಿದರೆ ಮೊದಲನೆಯ ದರ್ಜೆಯ ಸಾಹಸದಂಡ, ಬುಡ ಕಿತ್ತರೆ ನಡುವಣ ದರ್ಜೆಯದು. ಗಡಿಯ ಮರ, ಚೈತ್ಯವೃಕ್ಷ, ಗುರುತಿನ ಮರ, ರಾಜವನದ ಮರಗಳಿಗೆ ಎಲ್ಲವೂ ಎರಡರಷ್ಟು. ಯಾಜ್ಞವಲ್ಕ್ಯನಲ್ಲಿ ಕಂಡ ಇಮ್ಮಡಿಯೇ ಇಲ್ಲಿಯೂ ಇದೆ. ನೆರಳು ಕೊಡುವುದೂ ಒಂದು ಸಂಪತ್ತೆಂದು ಇಲ್ಲಿ ಎಣಿಸಿರುವುದು ಗಮನಾರ್ಹ. ರೋಮನರ ಹದಿನೈದಡಿಯ ನಿಯಮದಲ್ಲಿ ನೆರಳೆಂದರೆ ನಷ್ಟ. ಬಿಸಿಲಿನ ದೇಶಕ್ಕೂ ಚಳಿಯ ದೇಶಕ್ಕೂ ಇರುವ ಅಂತರ ಎಂದುಬಿಡುವುದು ಸುಲಭ. ಆದರೆ ಬದುವಿನ ಮರದ ನೆರಳಿನಲ್ಲಿ ರಾಗಿ ಸೊರಗುವುದನ್ನು ಕಂಡ ನಮ್ಮ ರೈತ ಕೌಟಿಲ್ಯನನ್ನು ಪೂರ್ತಿ ಒಪ್ಪುತ್ತಾನೆಂದು ನನಗನ್ನಿಸುವುದಿಲ್ಲ. ಅವನು ಬದುವಿನ ಮೇಲೆ ಹೊಂಗೆಯನ್ನು ಬಿಡುತ್ತಾನೆ, ಏಕೆಂದರೆ ಅದರ ಸೊಪ್ಪು ಗೊಬ್ಬರವಾಗುತ್ತದೆ.

ಗಡಿಯ ಮೇಲೆಯೇ ಬೆಳೆದ ಮರದ ಹೂಹಣ್ಣುಗಳು ಎರಡೂ ಹೊಲದ ಒಡೆಯರಿಗೆ ಸಮಾನ ಎಂದು ನಾರದಸ್ಮೃತಿ ಹೇಳುತ್ತದೆ. ಇದು ಚಿಕ್ಕ ನಿಯಮ. ಆದರೆ ಮರ ಬದುಕಿದ್ದಷ್ಟು ಕಾಲವೂ ಇಬ್ಬರಿಗೂ ಲಾಭವಿರುವುದರಿಂದ ಕೊಡಲಿ ಹಿಡಿಯುವ ಆತುರ ಒಬ್ಬನಿಗೂ ಇರುವುದಿಲ್ಲ. ರೋಮನ್ ನ್ಯಾಯವೂ ಗಡಿಯ ಇಬ್ಬದಿಗೆ ಬೇರು ಬಿಟ್ಟ ಮರವನ್ನು ಇಬ್ಬರದೆಂದೇ ಎಣಿಸಿತು.

ನಮ್ಮ ಶಿಲಾಶಾಸನಗಳನ್ನು ಓದಿದವರಿಗೆ ಈ ಪದ್ಧತಿ ಗ್ರಂಥದಲ್ಲಿ ಮಾತ್ರ ಇದ್ದುದಲ್ಲವೆಂದು ತಿಳಿದಿರುತ್ತದೆ. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಣಕ್ಕೆ ಇಂಥ ಕೆರೆ, ತೆಂಕಣಕ್ಕೆ ಇಂಥ ಹುತ್ತ, ಪಡುವಣಕ್ಕೆ ಇಂಥ ಮರ, ಬಡಗಣಕ್ಕೆ ನಟ್ಟ ಕಲ್ಲು ಎಂಬ ಬಗೆಯ ವರ್ಣನೆ ಬರುತ್ತದೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರ ಭೂಮಿಗೆ ವಾಮನಮುದ್ರೆಯ ಕಲ್ಲು ನಿಲ್ಲಿಸುವ ವಾಡಿಕೆಯೂ ಇತ್ತು. ಕಲ್ಲೂ ಮರವೂ ಜೊತೆಜೊತೆಯಾಗಿ ಎಲ್ಲೆಯನ್ನು ಕಾದವು.

ಈ ಜೊತೆ ಮುರಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಎರಡು ಕಾರಣಗಳನ್ನು ಕಾಣಬಹುದು.

ಮೊದಲನೆಯದು ಭೂಮಾಪನ. ಮುಂಬಯಿ ಆಧಿಪತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಕ್ರಮಕ್ಕೆ 1847ರ ಜಂಟಿ ವರದಿ ಖಚಿತರೂಪ ಕೊಟ್ಟಿತು. ಧಾರವಾಡ, ಬೆಳಗಾವಿ ಸೀಮೆಗಳು ಆಗ ಆ ಆಧಿಪತ್ಯದ ಭಾಗಗಳು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಸರ್ವೆ ಇಲಾಖೆ ಏರ್ಪಟ್ಟು ಇದೇ ಕ್ರಮವನ್ನು ಅನುಸರಿಸಿತು. ಮೂವತ್ತಮೂರು ಅಡಿಯ ಸರಪಳಿ ಹಿಡಿದವರು ಹೊಲಹೊಲವನ್ನೂ ಅಳೆದರು. ಆ ಸರಪಳಿಯ ಉದ್ದಗಲದ ಚೌಕವೇ ನಾವು ಇಂದಿಗೂ ಹೇಳುವ ಗುಂಟೆ, ಎಂದರೆ 1,089 ಚದರಡಿ. ಅಂಥ ನಲವತ್ತಕ್ಕೆ ಒಂದು ಎಕರೆ. ಹೊಲದ ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟರು, ನಕ್ಷೆ ಬರೆದರು, ಸರ್ವೆ ನಂಬರು ಕೊಟ್ಟರು. ರೈತನಿಗೆ ಇದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅಂದಿನಿಂದ ಗಡಿಯ ಸಾಕ್ಷಿ ಹೇಳುವ ಕೆಲಸ ಕಲ್ಲಿಗೂ ಕಾಗದಕ್ಕೂ ಸೇರಿತು. ಮರ ಕೆಲಸ ಕಳೆದುಕೊಂಡಿತು. ಒಂದು ಕಾಲಕ್ಕೆ ಇಮ್ಮಡಿ ದಂಡದ ರಕ್ಷಣೆ ಪಡೆದಿದ್ದ ಗಡಿಯ ಮರ ಈಗ ನೆರಳು ಚೆಲ್ಲಿ ಬೆಳೆ ಕೆಡಿಸುವ, ಎಲೆಯುದುರಿಸಿ ಅಂಗಳ ಕೊಳೆ ಮಾಡುವ ಒಂದು ವಸ್ತು ಮಾತ್ರವಾಯಿತು. ನಮ್ಮ ಊರುಗಳ ಗಡಿಮರಗಳು ವಿರಳವಾದುದಕ್ಕೆ ಸೌದೆಯ ಆಸೆ, ರಸ್ತೆಗಳು ಮೊದಲಾಗಿ ಅನೇಕ ಕಾರಣಗಳನ್ನು ಹೇಳುತ್ತಾರೆ. ಈ ನಿರುದ್ಯೋಗವನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ನ್ಯಾಯಾಲಯಗಳದು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಮಾಡಿದ ಏರ್ಪಾಡಿನಂತೆ ದಾಯಭಾಗ, ವಿವಾಹ, ಜಾತಿ, ಧರ್ಮಾಚಾರಗಳ ವಿಷಯದಲ್ಲಿ ಹಿಂದುಗಳಿಗೆ ಶಾಸ್ತ್ರವೂ ಮುಸಲ್ಮಾನರಿಗೆ ಕುರಾನಿನ ಕಾನೂನೂ ಅನ್ವಯಿಸಿದವು. ಮಿಕ್ಕ ವಿಷಯಗಳು ಕ್ರಮೇಣ "ನ್ಯಾಯ, ಸಮದೃಷ್ಟಿ ಮತ್ತು ಒಳ್ಳೆಯ ಮನಸ್ಸಾಕ್ಷಿ" ಎಂಬ ಸೂತ್ರಕ್ಕೆ ಒಳಪಟ್ಟವು. ಕೇಳಲು ಸೊಗಸಾದ ಈ ಸೂತ್ರಕ್ಕೆ ಅರ್ಥವೇನು? ಭಾರತೀಯ ಸಮಾಜಕ್ಕೆ ಹೊಂದುವಷ್ಟರ ಮಟ್ಟಿಗೆ ಇಂಗ್ಲಿಷ್ ಕಾನೂನೇ ಎಂದು 1887ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಸ್ಪಷ್ಟಪಡಿಸಿತು. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ಅನುವಾದಿಸಿದ್ದೂ ಮಿತಾಕ್ಷರೆಯ ದಾಯಭಾಗದ ಪ್ರಕರಣವನ್ನೇ. ಹೀಗಾಗಿ ಕಲ್ಯಾಣದ ವಿಜ್ಞಾನೇಶ್ವರ ಆಸ್ತಿಯ ಪಾಲಿನ ಮೊಕದ್ದಮೆಗಳಲ್ಲಿ ಕೋರ್ಟಿನ ಒಳಗೆ ಹೋದ; ಗಡಿಯ ಮರವನ್ನು ಕುರಿತ ಅವನ ಮಾತು ಹೊರಗೇ ಉಳಿಯಿತು. ಧಾರವಾಡದ ಮಾವಿನ ಕೊಂಬೆಯ ಭವಿಷ್ಯ ಇಂಗ್ಲೆಂಡಿನ ಮೊಕದ್ದಮೆಗಳಿಗೆ ಕಟ್ಟುಬಿತ್ತು.

ಆ ಮೊಕದ್ದಮೆಗಳಲ್ಲಿ ಮುಖ್ಯವಾದುದು ಲೆಮನ್ ಮತ್ತು ವೆಬ್ ಎಂಬ ಇಬ್ಬರು ನೆರೆಯವರದು. ಹೆಸರು ಕೇಳಿ ನಿಂಬೆಹಣ್ಣಿನ ಜಗಳವೆಂದು ಭಾವಿಸಬಾರದು. ಅದು ದೊಡ್ಡ ಹಳೆಯ ಮರಗಳ ಕಥೆ. ಲೆಮನ್ನನ ಮರಗಳ ಕೊಂಬೆಗಳು ಬಹುವರ್ಷಗಳಿಂದ ವೆಬ್ಬನ ನೆಲದ ಮೇಲೆ ಚಾಚಿದ್ದವು. ವೆಬ್ ಒಂದು ಮಾತೂ ತಿಳಿಸದೆ, ತನ್ನ ನೆಲದ ಮೇಲೆಯೇ ನಿಂತು, ಅವುಗಳನ್ನು ಕಡಿಸಿಹಾಕಿದ. ಕೆಳಗಿನ ನ್ಯಾಯಾಧೀಶರು ಮುಂಚಿತವಾಗಿ ತಿಳಿಸಬೇಕಾಗಿತ್ತೆಂದು ಲೆಮನ್ನನ ಪರ ತೀರ್ಪಿತ್ತರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1894ರ ನವೆಂಬರಿನಲ್ಲಿ ಪ್ರಭುಗಳ ಸಭೆಯೂ ವೆಬ್ಬನನ್ನೇ ಎತ್ತಿಹಿಡಿಯಿತು. ನೆರೆಯವನ ನೆಲಕ್ಕೆ ಕಾಲಿಡದೆ ಕಡಿಯುವುದಾದರೆ ತಿಳಿಸುವ ಅಗತ್ಯವಿಲ್ಲ ಎಂಬುದು ಅಲ್ಲಿಂದ ಸ್ಥಿರವಾದ ನಿಯಮ.

ಕೊಂಬೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಇದ್ದುದರಿಂದ ಅದಕ್ಕೊಂದು ಹಕ್ಕು ಹುಟ್ಟಿಲ್ಲವೆ? ದಾರಿಗೆ, ನೀರಿಗೆ, ಕಿಟಕಿಯ ಬೆಳಕಿಗೆ ಹಾಗೆ ಹಕ್ಕು ಹುಟ್ಟುವುದುಂಟು. ಮರಕ್ಕೆ ಇಲ್ಲ. ದಾರಿ ಇಪ್ಪತ್ತು ವರ್ಷವೂ ಒಂದೇ ದಾರಿಯಾಗಿರುತ್ತದೆ, ಕೊಂಬೆ ಹಾಗಲ್ಲ. ಈ ವರ್ಷದ ಕೊಂಬೆ ಹೋದ ವರ್ಷದ ಕೊಂಬೆಯಲ್ಲ. ಅದು ಯಾರಿಗೂ ತಿಳಿಯದಂತೆ ಗೇಣು ಗೇಣಾಗಿ ಮುಂದೆ ಸರಿಯುತ್ತಿರುತ್ತದೆ. ಯಾವ ಗೇಣಿಗೆ ಯಾವ ದಿನದಿಂದ ವರ್ಷ ಎಣಿಸಬೇಕು? ನ್ಯಾಯಶಾಸ್ತ್ರದಲ್ಲಿ ನನಗೆ ಬಹಳ ಹಿಡಿಸಿದ ವಾದಗಳಲ್ಲಿ ಇದೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಹೈಕೋರ್ಟು ಕೂಡ ಇದೇ ನಿಲುವನ್ನು ತಾಳಿತು.

ಆದರೆ ಕಡಿಯುವ ಹಕ್ಕು ಕೊಂಡೊಯ್ಯುವ ಹಕ್ಕಲ್ಲ. 1919ರಲ್ಲಿ ತೀರ್ಮಾನವಾದ ಇನ್ನೊಂದು ಇಂಗ್ಲಿಷ್ ಮೊಕದ್ದಮೆಯಲ್ಲಿ, ತನ್ನ ತೋಟದ ಮೇಲೆ ಚಾಚಿದ ನೆರೆಯ ಮರದ ಸೇಬುಗಳನ್ನು ಕಿತ್ತು ಮಾರಿದವನು ಅವುಗಳ ಬೆಲೆಯನ್ನು ತೆರಬೇಕಾಯಿತು. ಕೊಂಬೆ ಗೋಡೆ ದಾಟಿದರೂ ಹಣ್ಣು ಬುಡದ ಒಡೆಯನದೇ. ನುಗ್ಗೆಕಾಯಿ ಕೀಳುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಯೂ ಎಂಬ ವಿಷದೆಲೆಯ ಮರವೊಂದು ಆ ದೇಶದಲ್ಲಿ ಉಂಟು; ನಮ್ಮ ಕಣಗಿಲೆಯಂತೆ ಅದನ್ನು ಮೇಯ್ದ ದನ ಕುದುರೆಗಳು ಸಾಯುತ್ತವೆ. 1878ರಲ್ಲಿ ಸ್ಮಶಾನಮಂಡಲಿಯೊಂದು ನೆಟ್ಟ ಯೂ ಮರ ಬೇಲಿ ದಾಟಿ ಪಕ್ಕದ ಹುಲ್ಲುಗಾವಲಿಗೆ ಚಾಚಿ, ಅಲ್ಲಿನ ಕುದುರೆ ಅದನ್ನು ತಿಂದು ಸತ್ತಿತು. ಮಂಡಲಿ ಪರಿಹಾರ ಕೊಡಬೇಕಾಯಿತು. 1894ರಲ್ಲಿ ಇನ್ನೊಂದು ಕುದುರೆಯೂ ಯೂ ತಿಂದು ಸತ್ತಿತು. ಈ ಸಲ ಕೊಂಬೆ ಗಡಿ ದಾಟಿರಲಿಲ್ಲ, ಕುದುರೆಯೇ ಕತ್ತು ಚಾಚಿತ್ತು. ಪರಿಹಾರ ಸಿಗಲಿಲ್ಲ. ಗಡಿ ದಾಟಿದ್ದು ಮರವೋ ಕುದುರೆಯೋ ಎಂಬುದರ ಮೇಲೆ ತೀರ್ಪು ನಿಂತಿತು.

ಇತರ ದೇಶಗಳು ಬೇರೆ ದಾರಿ ಹಿಡಿದವು. 1900ರಲ್ಲಿ ಜಾರಿಗೆ ಬಂದ ಜರ್ಮನ್ ಸಂಹಿತೆಯಲ್ಲಿ ತಾನಾಗಿ ಉದುರಿದ ಹಣ್ಣು ಬಿದ್ದ ನೆಲದವನಿಗೆ ಸೇರುತ್ತದೆ. ಫ್ರೆಂಚರದೂ ಅದೇ ನಿಯಮ. ಜರ್ಮನಿಯಲ್ಲಿ ಕೊಂಬೆ ಕಡಿಯುವ ಮೊದಲು ನೆರೆಯವನಿಗೆ ತಕ್ಕಷ್ಟು ಅವಧಿ ಕೊಡಬೇಕು. ವೆಬ್ಬನ ಮೌನಕ್ಕೆ ಅಲ್ಲಿ ಎಡೆಯಿಲ್ಲ. ಜಪಾನಿನ 1896ರ ಸಂಹಿತೆ ಬೇರಿಗೂ ಕೊಂಬೆಗೂ ಭೇದ ಮಾಡಿತು. ಗಡಿ ದಾಟಿ ಬಂದ ಬೇರನ್ನು ನೆಲದವನೇ ಕಡಿಯಬಹುದು. ಕೊಂಬೆಯನ್ನಾದರೆ ಕಡಿಯೆಂದು ಒಡೆಯನನ್ನು ಕೇಳಬೇಕು. ಪಕ್ಕದ ತೋಪಿನಿಂದ ನೆಲದಡಿ ನುಗ್ಗಿ ತಲೆಯೆತ್ತಿದ ಬಿದಿರಿನ ಕಳಲೆ ಅಡಿಗೆಗೆ ಬರುವ ಆ ದೇಶದಲ್ಲಿ ಈ ಭೇದ ಮನೆಮಾತು. ಕೇಳಿದರೂ ಕಡಿಯದ ಒಡೆಯರ ಕಾಟ ಹೆಚ್ಚಿದುದರಿಂದ, 2021ರಲ್ಲಿ ತಿದ್ದಿ 2023ರ ಏಪ್ರಿಲಿನಿಂದ ಜಾರಿಗೆ ತಂದ ನಿಯಮದಂತೆ, ತಕ್ಕಷ್ಟು ಕಾಲ ಕಾದ ಮೇಲೆ ನೆರೆಯವನೇ ಕೊಂಬೆಯನ್ನೂ ಕಡಿಯಬಹುದಾಗಿದೆ.

ತುರ್ಕಿಯ ಆಟೋಮನ್ ಸಾಮ್ರಾಜ್ಯ 1869ರಿಂದ 1876ರವರೆಗೆ ಕಂತುಕಂತಾಗಿ ಹೊರಡಿಸಿದ ಮೆಜೆಲ್ಲೆ ಎಂಬ ಸಂಹಿತೆ ಒಂದು ಸೌಮ್ಯವಾದ ಉಪಾಯವನ್ನು ಹೇಳುತ್ತದೆ. ಕೊಂಬೆ ಪಕ್ಕದ ಮನೆಯ ಅಥವಾ ತೋಟದ ಮೇಲೆ ಚಾಚಿದರೆ ಅದನ್ನು ಕಟ್ಟಿ ಹಿಂದಕ್ಕೆಳೆಯಿಸಬಹುದು, ಇಲ್ಲವೆ ಕಡಿಸಬಹುದು. ಆದರೆ ನೆರಳಿನಿಂದ ಬೆಳೆಗೆ ನಷ್ಟವೆಂಬ ಕಾರಣಕ್ಕೆ ಮರ ಕಡಿಯಿರೆಂದು ಕೇಳುವಂತಿಲ್ಲ. ರೋಮನರಿಗೆ ಮುಖ್ಯವಾದ ದೂರು ಇಲ್ಲಿ ದೂರೇ ಅಲ್ಲ.

ನಮ್ಮ ಈಸ್‌ಮೆಂಟ್ಸ್ ಕಾಯಿದೆ 1882ರಲ್ಲಿ ಹುಟ್ಟಿತು. ಮೊದಲು ಅದು ಮದರಾಸು ಆಧಿಪತ್ಯ, ಮಧ್ಯಪ್ರಾಂತ, ಕೊಡಗುಗಳಿಗೆ ಮಾತ್ರ ಅನ್ವಯಿಸಿತು. 1891ರಲ್ಲಿ ಮುಂಬಯಿಗೂ ಬಂತು. ಮಂಗಳೂರು, ಬಳ್ಳಾರಿಗಳು ಆಗ ಮದರಾಸಿನವು. ಆದುದರಿಂದ ಅಲ್ಲಿಯ ಮತ್ತು ಕೊಡಗಿನ ಮನೆಯವರು ಈ ಕಾಯಿದೆಗೆ ಧಾರವಾಡದವರಿಗಿಂತ ಒಂಬತ್ತು ವರ್ಷ ಮೊದಲು ಒಳಪಟ್ಟರು. ಬಿದ್ದು ಜನರಿಗೆ ಅಪಾಯ ತರುವಂತಿರುವ ಮರದ ವಿಷಯದಲ್ಲಿ ಮ್ಯಾಜಿಸ್ಟ್ರೇಟರು ಅದನ್ನು ತೆಗೆಯಲು ಅಥವಾ ಅದಕ್ಕೆ ಊರೆ ಕೊಡಲು ಆಜ್ಞೆ ಮಾಡಬಹುದೆಂಬ ಉಪಬಂಧ 1973ರ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ.

ಗಂಧದ ಮರದ ಕಥೆಯೇ ಬೇರೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಅದು ಯಾರ ಹಿತ್ತಿಲಲ್ಲಿ ಬೆಳೆದರೂ ಸರಕಾರದ್ದು. ಅದು ತನ್ನ ಬೇರನ್ನು ಪಕ್ಕದ ಹೊಂಗೆಯ ಅಥವಾ ತೊಗರಿಯ ಬೇರಿಗೆ ಸೇರಿಸಿ ರಸ ಹೀರಿ ಬೆಳೆಯುವ ಮರ; ಎಂದರೆ ಹುಟ್ಟಿನಿಂದಲೇ ಗಡಿ ಮೀರುವುದು ಅದರ ಸ್ವಭಾವ. ಆದರೂ ಗಂಧದ ಕೊಂಬೆಗಾಗಿ ನೆರೆಯವರಿಬ್ಬರು ಬಡಿದಾಡಲು ಕಾರಣವಿರಲಿಲ್ಲ. ಕೊಂಬೆ ಮುಟ್ಟಿದರೆ ಇಬ್ಬರೂ ಅಪರಾಧಿಗಳೇ! 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಮರ ನೆಲದ ಒಡೆಯನದಾಯಿತು.

1976ರ ಕರ್ನಾಟಕ ವೃಕ್ಷಸಂರಕ್ಷಣಾ ಕಾಯಿದೆ ಬಂದಂದಿನಿಂದ ಸ್ವಂತ ಹಿತ್ತಿಲಿನ ಮರವನ್ನು ಉರುಳಿಸಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೌಟಿಲ್ಯನ ದರಪಟ್ಟಿ ಬೇರೊಂದು ರೂಪದಲ್ಲಿ ಮರಳಿ ಬಂದಂತಾಯಿತು. ಆದುದರಿಂದ ಇಂದು ಕೊಡಲಿ ಹಿಡಿಯುವವನು ವೆಬ್ಬನ ಧೈರ್ಯವನ್ನು ನೆಚ್ಚದೆ ನೆರೆಯವನನ್ನೂ ಅಧಿಕಾರಿಯನ್ನೂ ಮೊದಲೇ ಕೇಳುವುದು ಕ್ಷೇಮ. ಈ ಕಾಯಿದೆ ಅನುಮತಿಯಿಂದ ಬಿಟ್ಟುಕೊಟ್ಟಿರುವ ಕೆಲವು ಮರಗಳಲ್ಲಿ ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ಗಳ ಜೊತೆಗೆ ತೆಂಗೂ ಇದೆ.

ನಮ್ಮಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದೂ ತೆಂಗಿನಿಂದಲೇ. ಇಂಗ್ಲಿಷರ ನಿಯಮಗಳೆಲ್ಲ ಕೊಂಬೆಯುಳ್ಳ ಮರಗಳನ್ನು ಕಂಡು ಹುಟ್ಟಿದವು. ಗಡಿ ದಾಟಿದ ಕೊಂಬೆಯನ್ನು ಕಡಿದರೂ ಓಕ್ ಬದುಕುತ್ತದೆ. ತೆಂಗಿಗೆ ಕೊಂಬೆಯಿಲ್ಲ. ಬುಡ ಇತ್ತ, ತಲೆ ಅತ್ತ ಎಂದು ವಾಲಿ ನಿಂತ ತೆಂಗಿನಲ್ಲಿ ಗಡಿ ದಾಟಿದ ಭಾಗವೆಂದರೆ ಸುಳಿಯೇ. ಅದನ್ನು ಕಡಿದರೆ ಮರ ಸತ್ತಂತೆ. ಕಡಿಯದಿದ್ದರೆ ಪಕ್ಕದ ಮನೆಯ ಹಂಚು ಉಳಿಯದು, ಅಂಗಳದಲ್ಲಿ ಆಡುವ ಮಗುವಿನ ತಲೆಯೂ ಕ್ಷೇಮವಲ್ಲ. ಹಂಚೋ ಮರವೋ ಎಂದು ಆರಿಸಬೇಕಾದ ಈ ಇಕ್ಕಟ್ಟಿಗೆ ಲೆಮನ್ನನ ಮೊಕದ್ದಮೆಯಲ್ಲಿ ಪರಿಹಾರವಿಲ್ಲ. ವಾಲಿದ ಮರದ ನಡುವಿಗೆ ಹಗ್ಗವನ್ನೋ ತಂತಿಯನ್ನೋ ಬಿಗಿದು ತಮ್ಮ ತೋಟದ ಇನ್ನೊಂದು ಗಟ್ಟಿಮರಕ್ಕೆ ಎಳೆದು ಕಟ್ಟುವುದು,  ಕಾಯಿ ಒಣಗಿ ಉದುರುವ ಮುನ್ನವೇ ಗೊನೆ ಇಳಿಸಿಬಿಡುವುದು, ಆ ಗೊನೆಯಲ್ಲಿ ನಾಲ್ಕು ಎಳನೀರನ್ನು ಹಂಚಿನ ಮನೆಗೆ ಕೊಟ್ಟು ಬರುವುದು, ಇವು ತೆಂಗು ಬೆಳೆಯುವ ನಮ್ಮ ಊರುಗಳಲ್ಲಿ ಜನ ಕಂಡುಕೊಂಡ ದಾರಿಗಳು. ಕಟ್ಟಿ ಹಿಂದಕ್ಕೆಳೆಯುವ ಉಪಾಯವನ್ನು ಮೆಜೆಲ್ಲೆಯ ಹೆಸರನ್ನೂ ಕೇಳದವರೇ ಮಾಡುತ್ತಿದ್ದಾರೆ.